ನಾಮಾನನ ಸ್ನಾನವೂ ನಮ್ಮ ದೇಹಾರೋಗ್ಯವೂ

ವೇದಪಾಠ: 2 ಅರಸುಗಳು 5ನೆಯ ಅಧ್ಯಾಯ, 1ರಿಂದ 14ನೆಯ ವಚನದ ವರೆಗೆ.



ಅರಾಮ್ಯರ ಸೇನಾಪತಿಯಾದ ನಾಮಾನನ ಚರಿತ್ರೆಯನ್ನು ನಮ್ಮ ರವಿವಾರ ಶಾಲೆಯ ಮಕ್ಕಳೂ ಬಲ್ಲರು. ಯುದ್ಧದಲ್ಲಿ ಜಯ, ಅರಮನೆಯಲ್ಲಿ ಮರ್ಯಾದೆ, ಮನೆಯಲ್ಲಿ ಐಶ್ವರ್ಯ, ಇವೆಲ್ಲವೂ ಅವನಿಗಿದ್ದವು. ಆದರೆ ಬೆಲೆಯುಳ್ಳ ಉಡುಪಿನ ಒಳಗೆ ಕುಷ್ಠವಿತ್ತು. ಆ ಕಾಲದಲ್ಲಿ ಆ ರೋಗಕ್ಕೆ ಮದ್ದಿರಲಿಲ್ಲ. ಈಗಲಾದರೋ ಅದು ಆರು ತಿಂಗಳು ಇಲ್ಲವೆ ಒಂದು ವರುಷ ಗುಳಿಗೆ ತೆಗೆದುಕೊಂಡರೆ ವಾಸಿಯಾಗುವ ರೋಗವಾಗಿದೆ. ಆ ಗುಳಿಗೆಗಳು ಸರಕಾರದ ಆಸ್ಪತ್ರೆಗಳಲ್ಲಿ ಕ್ರಯವಿಲ್ಲದೆ ದೊರೆಯುತ್ತವೆ. ನಾಮಾನನಿಗೆ ದೇವರು ತನ್ನ ಪ್ರವಾದಿಯ ಮೂಲಕ ತೋರಿಸಿದ ಮಾರ್ಗವು ಬಹು ಸಣ್ಣದಾಗಿತ್ತು. ಯೊರ್ದನ್ ಹೊಳೆಗೆ ಹೋಗಿ ಏಳು ಸಾರಿ ಮುಳುಗಿ ಏಳಬೇಕು, ಅಷ್ಟೇ. ಆ ಸಣ್ಣ ಮಾತೇ ಅವನಿಗೆ ದೊಡ್ಡ ಅಡ್ಡಿಯಾಯಿತು.

ಕಾರವಾರ ಅಂಕೋಲೆಗಳ ಸೀಮೆಯಲ್ಲಿ ವಾಸಿಸುವ ನಮಗೆ ವೈದ್ಯರೂ ದಾದಿಯರೂ ವರುಷ ವರುಷವೂ ಹೇಳುವ ಮಾತುಗಳು ಸಹ ಸಣ್ಣವೇ. ಕೈ ತೊಳೆಯಿರಿ, ನೀರು ಕುದಿಸಿರಿ, ಉಪ್ಪು ಕಡಿಮೆ ಮಾಡಿರಿ, ಕೊಟ್ಟ ಗುಳಿಗೆಗಳನ್ನು ಬಿಡದೆ ತೆಗೆದುಕೊಳ್ಳಿರಿ. ಇವುಗಳನ್ನು ಕೇಳಿ ಕೇಳಿ ನಮ್ಮ ಕಿವಿಗಳು ಮಂದವಾಗಿವೆ. ಆದದರಿಂದ ಈ ವೇದಪಾಠದಿಂದ ಮೂರು ಸಂಗತಿಗಳನ್ನು ಆಲೋಚಿಸೋಣ: ಹೇಳಿದವರು ಯಾರು? ಹೇಳಿದ ಕಾರ್ಯವು ಎಂಥದು? ಅದನ್ನು ಎಷ್ಟು ಸಾರಿ ಮಾಡಬೇಕಾಗಿತ್ತು?

1. ಹೇಳಿದವರು ಯಾರು?

ನಾಮಾನನಿಗೆ ಗುಣವಾಗುವ ದಾರಿಯಿದೆ ಎಂಬ ವರ್ತಮಾನವು ಪಂಡಿತರ ಬಾಯಿಂದ ಬರಲಿಲ್ಲ. ಇಸ್ರಾಯೇಲ್ ದೇಶದಿಂದ ಸೆರೆಯಾಗಿ ತರಲ್ಪಟ್ಟು ಅವನ ಹೆಂಡತಿಯ ಬಳಿ ಊಳಿಗ ಮಾಡುತ್ತಿದ್ದ ಒಬ್ಬ ಚಿಕ್ಕ ಹುಡುಗಿಯು ಅದನ್ನು ತಿಳಿಸಿದಳು. ಎಲೀಷನು ಕೂಡ ತಾನು ಹೊರಗೆ ಬಾರದೆ ಆಳಿನ ಮೂಲಕವೇ ಹೇಳಿಸಿದನು. ಕೊನೆಗೆ ನಾಮಾನನು ಸಿಟ್ಟುಗೊಂಡು ಹಿಂದಿರುಗಿದಾಗ ಅವನಿಗೆ ಬುದ್ಧಿ ಹೇಳಿ ಹೊಳೆಗೆ ಇಳಿಸಿದವರು ಅವನ ಸೇವಕರೇ. ಹೀಗೆ ಆರಂಭದಿಂದ ಕೊನೆಯ ವರೆಗೆ ಆ ದೊಡ್ಡ ಮನುಷ್ಯನನ್ನು ಉಳಿಸಿದ್ದು ಚಿಕ್ಕವರ ಮಾತು.

ನಮ್ಮ ದೇಶದಲ್ಲಿ 2005ರಲ್ಲಿ ಆರಂಭವಾದ ಏರ್ಪಾಡಿನ ಪ್ರಕಾರ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ನೇಮಕವಾಗಿದ್ದಾರೆ. ಆಶಾ ಅಂದರೆ ಅದೇ ಊರಿನ ಹೆಣ್ಣುಮಗಳು. ಅವಳು ಮಳೆಯಲ್ಲಿ ಕೊಡೆ ಹಿಡಿದು ಮನೆಮನೆಗೆ ಬಂದು, ಗರ್ಭಿಣಿಯರ ಯೋಗಕ್ಷೇಮವನ್ನು ವಿಚಾರಿಸುತ್ತಾಳೆ, ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ದಿನವನ್ನು ನೆನಪಿಸುತ್ತಾಳೆ, ನಿಂತ ನೀರನ್ನು ಚೆಲ್ಲಿಸುತ್ತಾಳೆ. ಇಂಥವಳನ್ನು ಕಂಡು, "ನಮ್ಮ ಅಂಗಳದಲ್ಲಿ ಆಡಿ ಬೆಳೆದವಳು ನಮಗೇನು ಕಲಿಸುವಳು?" ಎಂದು ನಗುವವರಿದ್ದಾರೆ. "ಇವಳು ಯಾವ ಕೇರಿಯವಳು?" ಎಂದು ಒಳಗೊಳಗೇ ಅಳೆಯುವವರೂ ಇದ್ದಾರೆ. ಕ್ರಿಸ್ತನ ಹೆಸರನ್ನು ಹೊತ್ತ ನಮ್ಮ ಮನೆಗಳಲ್ಲಿ ಈ ಅಳತೆಗೋಲು ಇರಕೂಡದು. ಸೆರೆಯ ಹುಡುಗಿಯ ಮಾತನ್ನು ನಾಮಾನನ ಹೆಂಡತಿಯು ತಳ್ಳಿಬಿಟ್ಟಿದ್ದರೆ ಈ ಅಧ್ಯಾಯವೇ ಇರುತ್ತಿರಲಿಲ್ಲ.

2. ಹೇಳಿದ ಕಾರ್ಯವು ಎಂಥದು?

ನಾಮಾನನು ಬೆಳ್ಳಿ ಬಂಗಾರಗಳನ್ನೂ ಹತ್ತು ಜೊತೆ ಬಟ್ಟೆಗಳನ್ನೂ ಹೊರಿಸಿಕೊಂಡು ಹೊರಟಿದ್ದನು. ದೊಡ್ಡ ರೋಗಕ್ಕೆ ದೊಡ್ಡ ವೆಚ್ಚ, ದೊಡ್ಡ ಆಡಂಬರ ಬೇಕೆಂದು ಅವನು ಎಣಿಸಿದ್ದನು. ಹೊಳೆಯಲ್ಲಿ ಮುಳುಗೆಂಬ ಮಾತು ಕೇಳಿ, ತನ್ನ ದಮಸ್ಕದ ಹೊಳೆಗಳು ಇದಕ್ಕಿಂತ ಮೇಲೆಂದು ರೇಗಿದನು. ನಮ್ಮವನೊಬ್ಬನು, ಕಾಳಿ ನದಿಯೂ ಗಂಗಾವಳಿಯೂ ಇರಲಾಗಿ ಪರದೇಶದ ಹೊಳೆಗೆ ನಾನೇಕೆ ಇಳಿಯಲಿ ಎಂದ ಹಾಗೆ ಅದು ಇತ್ತು.

ನಮ್ಮ ಸ್ವಭಾವವೂ ಇದೇ. ಮನೆಯವರೊಬ್ಬರು ನೆಲಕ್ಕೆ ಬಿದ್ದರೆ ಬಂಗಾರವನ್ನು ಅಡವಿಟ್ಟು ಮಣಿಪಾಲಕ್ಕೋ ಮಂಗಳೂರಿಗೋ ಗೋವೆಗೋ ಓಡುತ್ತೇವೆ. ನಮ್ಮ ಜಿಲ್ಲೆಯಲ್ಲಿಯೇ ದೊಡ್ಡ ಆಸ್ಪತ್ರೆ ಬೇಕೆಂದು 2022ರಲ್ಲಿ ಜನರು ಒಟ್ಟಾಗಿ ಕೇಳಿದ್ದು ನ್ಯಾಯವಾದದ್ದೇ. ಆದರೆ ಸಾಬೂನಿನ ತುಂಡೂ ಕುದಿದ ನೀರೂ ತಡೆಯಬಹುದಾದ ರೋಗಕ್ಕಾಗಿ ಹೊಲವನ್ನು ಮಾರುವದು ಜ್ಞಾನವಲ್ಲ.

ಸಣ್ಣ ಕಾರ್ಯವನ್ನು ತಿರಸ್ಕರಿಸುವವರು ಹಳ್ಳಿಯವರು ಮಾತ್ರವೆಂದು ತಿಳಿಯಬೇಡಿರಿ. 1847ರಲ್ಲಿ ಯುರೋಪಿನ ವಿಯೆನ್ನಾ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನಿದ್ದನು. ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ವೈದ್ಯರು ಹೆರಿಗೆಯ ಸ್ತ್ರೀಯರನ್ನು ಮುಟ್ಟುವದರಿಂದ ಬಾಣಂತಿ ಜ್ವರ ಹರಡುತ್ತದೆಂದು ಅವನು ಕಂಡು, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯತಕ್ಕದ್ದೆಂದು ವಿಧಿಸಿದನು. ಅದಕ್ಕೆ ಮುಂಚೆ ಅಲ್ಲಿ ಕೆಲವು ತಿಂಗಳುಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿದ್ದರು; ಆ ವರುಷ ಮುಗಿಯುವದರೊಳಗೆ ಅದು ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಆದರೂ ವಿದ್ಯಾವಂತರಾದ ಅನೇಕ ವೈದ್ಯರು ಅವನ ಮೇಲೆ ಮುನಿದುಕೊಂಡರು. ತಮ್ಮ ಕೈಗಳು ಕೊಳೆಯೆಂದು ಒಪ್ಪುವದು ಅವರಿಗೆ ಅವಮಾನವಾಗಿ ತೋರಿತು. ಅವರೂ ನಾಮಾನನ ತಮ್ಮಂದಿರೇ.

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ಶೌಚಕ್ಕೆ ಹೋಗಿಬಂದ ಮೇಲೆ, ಮಗುವಿನ ಮಲವನ್ನು ತೊಳೆದ ಮೇಲೆ, ಮೀನು ಹೆಚ್ಚಿದ ಮೇಲೆ, ದನದ ಕೊಟ್ಟಿಗೆಯಿಂದ ಬಂದ ಮೇಲೆ, ಅಡಿಗೆಗೂ ಊಟಕ್ಕೂ ಮುಂಚೆ ಸಾಬೂನು ಹಚ್ಚಿ, ಬೆರಳುಗಳ ಸಂದುಗಳನ್ನು ಉಜ್ಜಿ, ಇಪ್ಪತ್ತು ಎಣಿಸುವ ವರೆಗೆ ಕೈ ತೊಳೆಯಬೇಕು. ಬರೇ ನೀರು ಸಾಲದು. 2020ರಲ್ಲಿ ಕೊರೋನಾ ಬಂದಾಗ ಭಯದಿಂದ ಇದನ್ನು ಮಾಡಿದೆವು. ಭಯ ಹೋದ ಮೇಲೆ ಸಾಬೂನು ಒಣಗಿ ಬಿರಿಯಿತು. ಭಯದಿಂದ ಕಲಿತದ್ದನ್ನು ಪ್ರೀತಿಯಿಂದ ಉಳಿಸಿಕೊಳ್ಳೋಣ.

ಇನ್ನು ನೀರಿನ ಸಂಗತಿ. 2019ನೆಯ ಆಗಸ್ಟ್ ತಿಂಗಳಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿ ದಡದ ಊರುಗಳೊಳಗೆ ನುಗ್ಗಿದ್ದನ್ನು ನಾವು ಮರೆತಿಲ್ಲ. ನೆರೆಯ ನೀರು ಬಾವಿಗೆ ಸೇರಿದರೆ ಪಾಯಖಾನೆಯ ಹೊಲಸೂ ಸತ್ತ ಪ್ರಾಣಿಗಳ ಕೊಳೆಯೂ ಅದರಲ್ಲಿ ಸೇರುತ್ತದೆ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಾಗಲಿಲ್ಲ. ಆರೋಗ್ಯ ಇಲಾಖೆಯವರಿಂದ ಪ್ರಮಾಣವನ್ನು ತಿಳಿದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಬೇಕು. ಕುಡಿಯುವ ನೀರನ್ನು ಕೊತಕೊತನೆ ಒಂದು ನಿಮಿಷವಾದರೂ ಕುದಿಸಿ, ಮುಚ್ಚಿಟ್ಟು, ಕೈ ಅದ್ದದೆ ಹಿಡಿಕೆಯುಳ್ಳ ಸೌಟಿನಿಂದ ತೆಗೆಯಬೇಕು. ಕೆಸರುಗದ್ದೆಗೆ ಇಳಿಯುವವರು ಇಲಿ ಜ್ವರವನ್ನೂ ನೆನಪಿನಲ್ಲಿಡಬೇಕು. ಅದು ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಒಡಕು ಗಾಯಗಳ ಮೂಲಕ ಮೈಗೆ ಸೇರುತ್ತದೆ. ಗಾಯವನ್ನು ಮುಚ್ಚಿಕೊಂಡು, ಸಾಧ್ಯವಾದರೆ ಬೂಟು ಹಾಕಿಕೊಂಡು ಇಳಿಯಿರಿ. ಮಳೆಗಾಲದಲ್ಲಿ ಜ್ವರವೂ ಮೈಕೈ ನೋವೂ ಬಂದರೆ ಕಷಾಯ ಕುಡಿದು ದಿನ ಕಳೆಯದೆ ವೈದ್ಯರಿಗೆ ತೋರಿಸಿರಿ.

ಭೇದಿಯಿಂದ ಮಗು ಬಾಡಿದರೆ ಏನು ಮಾಡಬೇಕು? 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರು ಬನಗಾಂವ್ ಎಂಬಲ್ಲಿ ಕಾಲರಾ ಬಂದು ಸಾಯುತ್ತಿರುವಾಗ, ರಕ್ತನಾಳಕ್ಕೆ ಹಾಕುವ ಮದ್ದಿನ ನೀರು ತೀರಿಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬವರು ಉಪ್ಪು, ಸಕ್ಕರೆ, ಅಡಿಗೆಯ ಸೋಡಾಗಳನ್ನು ನೀರಿನಲ್ಲಿ ಕರಗಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ವರೆಗೂ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅದೇ ನೀರು ಈಗ ಓ.ಆರ್.ಎಸ್. ಪೊಟ್ಟಣವಾಗಿ ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. ಪೊಟ್ಟಣ ಸಿಕ್ಕದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆಯನ್ನೂ ಅರ್ಧ ಸಮಚಮಚ ಉಪ್ಪನ್ನೂ ಹಾಕಿರಿ. ಚಹದ ಚಮಚದಿಂದ ಅಳೆಯಿರಿ, ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸಿರಿ, ಎದೆಹಾಲನ್ನು ನಿಲ್ಲಿಸಬೇಡಿರಿ. ಮಗುವು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಕುಡಿಸುತ್ತಲೇ ಆಸ್ಪತ್ರೆಗೆ ಒಯ್ಯಿರಿ.

3. ಎಷ್ಟು ಸಾರಿ?

ಆರನೆಯ ಸಾರಿ ಮುಳುಗಿ ಎದ್ದಾಗ ನಾಮಾನನ ಚರ್ಮವು ಹೇಗಿತ್ತೆಂದು ವೇದವು ಹೇಳುವದಿಲ್ಲ. ಆದರೆ ಅವನು ಆರಕ್ಕೆ ನಿಲ್ಲಿಸಲಿಲ್ಲ. ನಮ್ಮಲ್ಲಿ ಅನೇಕರು ಆರಕ್ಕೆ ನಿಲ್ಲಿಸುವವರು.

ಕ್ಷಯರೋಗಕ್ಕೆ ಸಾಮಾನ್ಯವಾಗಿ ಆರು ತಿಂಗಳ ಗುಳಿಗೆ ಕೊಡುತ್ತಾರೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ತಗ್ಗುತ್ತದೆ, ಮೈ ತುಂಬುತ್ತದೆ. ಆಗ ರೋಗಿಯು ಗುಳಿಗೆಯನ್ನು ಬಿಡುತ್ತಾನೆ. ಉಳಿದ ಕ್ರಿಮಿಗಳು ಮದ್ದಿಗೆ ಬಗ್ಗದವುಗಳಾಗಿ ಬೆಳೆದು, ಅವನನ್ನೂ ಅವನ ಬಳಿ ಮಲಗುವ ಮಕ್ಕಳನ್ನೂ ಹಿಡಿಯುತ್ತವೆ. ರಕ್ತದ ಒತ್ತಡವು ಇದಕ್ಕಿಂತಲೂ ಮೋಸದ್ದು. ಅದು ನೋಯುವದಿಲ್ಲ, ಕೆಮ್ಮಿಸುವದಿಲ್ಲ. ಮೌನವಾಗಿದ್ದು ಒಂದು ದಿನ ಲಕ್ವವಾಗಿ ಬಡಿಯುತ್ತದೆ. ಮೂವತ್ತು ದಾಟಿದವರು ವರುಷಕ್ಕೊಮ್ಮೆಯಾದರೂ ಅಳತೆ ಮಾಡಿಸಬೇಕು. ಗುಳಿಗೆಯಿಂದ ಅಳತೆ ಸರಿಹೋದರೆ ಗುಳಿಗೆಯು ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕೇ ಹೊರತು ರೋಗ ತೀರಿತೆಂದು ತಿಳಿಯಬಾರದು.

ಉಪ್ಪಿನ ವಿಷಯವೂ ಇಲ್ಲಿಯೇ ಸೇರುತ್ತದೆ. 1930ರಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಅಂಕೋಲೆಯ ಜನರಿಗೆ ಉಪ್ಪಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ದೊಡ್ಡವರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದೊಳಗೆ, ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಜೂನ್ ಜುಲೈಗಳಲ್ಲಿ ಯಂತ್ರದೋಣಿಗಳು ಕಡಲಿಗೆ ಇಳಿಯದಿರುವಾಗ ನಮ್ಮ ಗಂಜಿಗೆ ಒಣ ಮೀನೂ ಉಪ್ಪಿನಕಾಯಿಯೂ ಜೊತೆಯಾಗುತ್ತವೆ. ಒಣ ಮೀನನ್ನು ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಚೆಲ್ಲಿ ಬೇಯಿಸಿರಿ, ತುಂಡು ಚಿಕ್ಕದಿರಲಿ, ಗಂಜಿಗೆ ಬೇರೆ ಉಪ್ಪು ಹಾಕಬೇಡಿರಿ.

ಎರಡು ಸಂದೇಹಗಳು

ಕರ್ತನ ಶಿಷ್ಯರು ಕೈ ತೊಳೆಯದೆ ಊಟ ಮಾಡಿದಾಗ ಆತನು ಅವರ ಪಕ್ಷವಾಗಿ ಮಾತಾಡಲಿಲ್ಲವೇ ಎಂದು ಕೆಲವರು ಮಾರ್ಕನ 7ನೆಯ ಅಧ್ಯಾಯವನ್ನು ತೋರಿಸುತ್ತಾರೆ. ಪ್ರಿಯರೇ, ಫರಿಸಾಯರು ತೊಳೆದದ್ದು ಮಡಿಗಾಗಿ. ತಾವು ಶುದ್ಧರು, ಇತರರು ಅಶುದ್ಧರು ಎಂದು ಬೇರ್ಪಡಿಸುವದಕ್ಕಾಗಿ. ಆ ಮಡಿ ಮೈಲಿಗೆಯ ನೊಗದ ಭಾರವೆಷ್ಟೆಂದು ನಮ್ಮ ಹಿರಿಯರು ಬೆನ್ನಿನಲ್ಲಿ ಅರಿತಿದ್ದರು; ಕ್ರಿಸ್ತನು ಅದನ್ನು ಮುರಿದನು. ನಾವು ಕೈ ತೊಳೆಯುವದು ನೆರೆಯವನನ್ನು ದೂರವಿಡುವದಕ್ಕಲ್ಲ, ಅವನ ಹತ್ತಿರ ಕೂತು ಒಂದೇ ಪಂಕ್ತಿಯಲ್ಲಿ ಉಣ್ಣುವದಕ್ಕೆ, ನಮ್ಮ ಕೈಯಿಂದ ಅವನ ಮಗುವಿಗೆ ಕೇಡು ತಗಲದಿರುವದಕ್ಕೆ. ಆ ತೊಳೆಯುವಿಕೆಯು ಗರ್ವದಿಂದ ಹುಟ್ಟಿತು, ಇದು ಪ್ರೀತಿಯಿಂದ ಹುಟ್ಟತಕ್ಕದ್ದು.

ಪ್ರಾರ್ಥನೆ ಮಾಡುವವರಿಗೆ ಮದ್ದೇಕೆ ಎಂಬದು ಎರಡನೆಯ ಸಂದೇಹ. ಅರಸನಾದ ಹಿಜ್ಕೀಯನು ಕಣ್ಣೀರಿನಿಂದ ಪ್ರಾರ್ಥಿಸಿದಾಗ ದೇವರು ಅವನಿಗೆ ಆಯುಷ್ಯವನ್ನು ವಾಗ್ದಾನ ಮಾಡಿದನು. ಹಾಗಿದ್ದರೂ ಪ್ರವಾದಿಯು ಅಂಜೂರದ ಹಣ್ಣನ್ನು ಅರೆಸಿ ಹುಣ್ಣಿಗೆ ಹಚ್ಚಿಸಿದನು. ಅಪೊಸ್ತಲನಾದ ಪೌಲನ ಜೊತೆಗೆ ಲೂಕನೆಂಬ ವೈದ್ಯನಿದ್ದನು. ಮದ್ದನ್ನು ಕೊಟ್ಟ ದೇವರಿಗೂ ಪ್ರಾರ್ಥನೆಯನ್ನು ಕೇಳುವ ದೇವರಿಗೂ ಭೇದವಿಲ್ಲ. ಗುಳಿಗೆಯನ್ನು ಬಿಡುವದು ವಿಶ್ವಾಸದ ಗುರುತಲ್ಲ. ಹಾಗೆಯೇ, ಎಲ್ಲವನ್ನು ಸರಿಯಾಗಿ ಮಾಡಿದವನೂ ರೋಗದಲ್ಲಿ ಬಿದ್ದಾನು. ಅವನನ್ನು ನೋಡಿ ಪಾಪಿಯೆಂದು ತೀರ್ಪು ಮಾಡದೆ, ಅವನ ಹಾಸಿಗೆಯ ಬಳಿ ಕೂತು ಸೇವೆ ಮಾಡೋಣ.

ಸಭೆಯ ಹಿರಿಯರಿಗೆ ಒಂದು ಮಾತು. ಬಾವಿಯಿಲ್ಲದವರಿಗೆ ನೀರು ಕುದಿಸಿರೆಂದೂ ಸಾಬೂನಿಗೆ ಕಾಸಿಲ್ಲದವರಿಗೆ ಕೈ ತೊಳೆಯಿರೆಂದೂ ಹೇಳಿದರೆ ಸಾಲದು. ದೇವಾಲಯದ ಅಂಗಳದಲ್ಲಿ ನೀರೂ ಸಾಬೂನೂ ಇರಲಿ. ಮಳೆಗಾಲಕ್ಕೆ ಮುಂಚೆ ಸಭೆಯವರ ಬಾವಿಗಳನ್ನು ನೋಡಿ ಬರಲಿ. ದಿನವೂ ಗುಳಿಗೆ ತೆಗೆದುಕೊಳ್ಳಬೇಕಾದ ಒಂಟಿ ಮುದುಕರಿಗೆ ಒಬ್ಬ ಯೌವನಸ್ಥನನ್ನು ನೇಮಿಸಲಿ. ನಾಮಾನನೂ ಒಬ್ಬಂಟಿಗನಾಗಿ ಹೊಳೆಗೆ ಇಳಿಯಲಿಲ್ಲ. ಅವನ ಬಳಿಯಲ್ಲಿ ಸೇವಕರಿದ್ದರು.

ಯೊರ್ದನಿನ ನೀರಿನಲ್ಲಿ ಮದ್ದಿರಲಿಲ್ಲ. ಅವನನ್ನು ಗುಣಪಡಿಸಿದವನು ದೇವರೇ. ಆದರೆ ಗರ್ವವನ್ನು ದಡದಲ್ಲಿ ಬಿಟ್ಟ ಮೇಲೆಯೇ ಅವನು ನೀರಿಗೆ ಇಳಿದನು. ನಮ್ಮ ದೇಹವು ಪವಿತ್ರಾತ್ಮನ ಆಲಯವೆಂದು ಕಲಿತವರಾದ ನಾವು ಆ ಆಲಯವನ್ನು ಗುಡಿಸುವ ಸಣ್ಣ ಕೆಲಸಕ್ಕೆ ನಾಚದಿರೋಣ. ಸಣ್ಣವರ ಬಾಯಿಂದ ಬಂದ ಸಣ್ಣ ಮಾತನ್ನು ಏಳನೆಯ ಸಾರಿಯ ವರೆಗೂ ಕೈಕೊಳ್ಳುವ ದೀನ ಮನಸ್ಸನ್ನು ಕರ್ತನು ನಮ್ಮ ಪ್ರತಿಯೊಂದು ಮನೆಗೂ ಅನುಗ್ರಹಿಸಲಿ. ಆಮೆನ್.