ಷೇರಿನ ಲಾಭವೂ ಅನುಮೋದನೆಯ ದೋಷವೂ

ಶ್ರಾವಕನು ಧನವನ್ನು ಪೂರ್ಣವಾಗಿ ತ್ಯಜಿಸಬೇಕೆಂದು ಜೈನಧರ್ಮವು ವಿಧಿಸಿಲ್ಲ. ಅದು ನ್ಯಾಯಮಾರ್ಗದಿಂದ ಬಂದಿರಬೇಕು, ಅದಕ್ಕೊಂದು ಪರಿಮಾಣವಿರಬೇಕು ಎಂದಷ್ಟೇ ವಿಧಿಸಿದೆ. ತನ್ನ ಅಂಗಡಿಯ ನ್ಯಾಯಾನ್ಯಾಯಗಳು ಶ್ರಾವಕನಿಗೆ ಕಣ್ಣೆದುರಿಗೇ ಕಾಣುತ್ತವೆ. ದೂರದೇಶದ ಕಂಪನಿಯ ಷೇರನ್ನು ಕೊಂಡಾಗ ಅವುಗಳನ್ನು ಗುರುತಿಸುವುದು ಹೇಗೆ?

ನಿಸ್ತಂತು ಬ್ರಾಡ್‌ಬ್ಯಾಂಡ್ ಉದ್ಯಮವು ಇದಕ್ಕೆ ತಕ್ಕ ನಿದರ್ಶನ. ವೈಮ್ಯಾಕ್ಸ್ ತಂತ್ರಜ್ಞಾನವನ್ನು ನೆಚ್ಚಿದ ಅಮೆರಿಕದ ಕ್ಲಿಯರ್‌ವೈರ್ ಕಂಪನಿಯು 2007ರಲ್ಲಿ ತನ್ನ ಷೇರುಗಳನ್ನು ತಲಾ 25 ಡಾಲರಿಗೆ ಸಾರ್ವಜನಿಕರಿಗೆ ಮಾರಿತು. ಮುಂದೆ ಎಲ್‌ಟಿಇ ಎಂಬ ಪ್ರತಿಸ್ಪರ್ಧಿ ತಂತ್ರಜ್ಞಾನವು ಗೆದ್ದಿತು. 2013ರಲ್ಲಿ ಸ್ಪ್ರಿಂಟ್ ಕಂಪನಿಯು ಕ್ಲಿಯರ್‌ವೈರನ್ನು ಷೇರಿಗೆ 5 ಡಾಲರಿನಂತೆ ಕೊಂಡಿತು. ಸೋತವನು ದುಡುಕಿದವನು, ಗೆದ್ದವನು ಜಾಣನು ಎಂಬುದು ಪೇಟೆಯ ತೀರ್ಪು. ಧರ್ಮದ ವಿಚಾರಣೆ ಬೇರೆ.

ಸೋತ ಉಪಕರಣಕ್ಕೂ ಗೆದ್ದ ಉಪಕರಣಕ್ಕೂ ಕೆಪಾಸಿಟರ್‌ಗಳು ಬೇಕು. ಅವುಗಳಲ್ಲಿ ಒಂದು ಬಗೆಯವನ್ನು ಟ್ಯಾಂಟಲಮ್ ಲೋಹದಿಂದ ಮಾಡುತ್ತಾರೆ. ಅದರ ಅದಿರು ದೊರೆಯುವ ಪ್ರದೇಶಗಳಲ್ಲಿ ಆಫ್ರಿಕಾದ ಪೂರ್ವ ಕಾಂಗೋ ಒಂದು. ಅಲ್ಲಿ ಸಶಸ್ತ್ರ ಗುಂಪುಗಳು ಗಣಿಗಳನ್ನು ಹಿಡಿದು, ಅದಿರಿನ ಹಣದಿಂದ ಯುದ್ಧ ನಡೆಸಿವೆ.

ಹೂಡಿಕೆದಾರನು ಹಿಂಸೆಯನ್ನು ಮಾಡಲಿಲ್ಲ, ಮಾಡಿಸಲೂ ಇಲ್ಲ, ನಿಜ. ಆದರೆ ಕೃತ, ಕಾರಿತಗಳ ಜೊತೆಗೆ ಅನುಮೋದಿತವನ್ನೂ ಆಚಾರ್ಯರು ಹೇಳಿದ್ದಾರೆ. ಅರಿಯದವನು ಅನುಮೋದಿಸುವುದೆಂತು ಎಂದು ಕೇಳಬಹುದು. ಅರಿಯಲು ಅವಕಾಶವಿದ್ದೂ ಅರಿಯದಿರುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲ. ಅಮೆರಿಕದ 2010ರ ಡಾಡ್-ಫ್ರಾಂಕ್ ಕಾಯಿದೆಯು ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಈ ನಾಲ್ಕರ ಮೂಲದ ಬಗ್ಗೆ ಕಂಪನಿಗಳು ವರದಿ ಸಲ್ಲಿಸಬೇಕೆಂದು ವಿಧಿಸಿತು. 2014ರಿಂದ ಇಂಥ ವರದಿಗಳು ಪ್ರಕಟವಾಗಿವೆ. ಲಾಭಾಂಶದ ಪುಟವನ್ನು ಓದುವವನಿಗೆ ಈ ಪುಟವನ್ನು ಓದುವುದು ಕಷ್ಟವೇನಲ್ಲ.

ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವಲ್ಲವೇ ಎಂಬ ಆಕ್ಷೇಪವುಂಟು. ಆ ವಿನಾಯಿತಿ ಜೀವನೋಪಾಯಕ್ಕೆ, ಅದೂ ಯತ್ನಾಚಾರದೊಡನೆ. ಮಿಕ್ಕ ಹಣವನ್ನು ಇಮ್ಮಡಿಸುವ ಆಸೆಗೆ ಅದು ಅನ್ವಯಿಸದು. ಸಮಂತಭದ್ರಾಚಾರ್ಯರು ಅತಿಸಂಗ್ರಹವನ್ನೂ ಅತಿಲೋಭವನ್ನೂ ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಬಸದಿಯ ಧರ್ಮದರ್ಶಿಗಳ ಹೊಣೆಯಂತೂ ಇನ್ನೂ ಗುರುತರ. ನಿಧಿ ಅವರದಲ್ಲ, ಅದನ್ನು ಪಣಕ್ಕಿಡುವ ಅಧಿಕಾರವೂ, ಅದರ ಮೂಲಕ ಬರುವ ದೋಷಕ್ಕೆ ಕಣ್ಣು ಮುಚ್ಚುವ ಅಧಿಕಾರವೂ ಅವರಿಗಿಲ್ಲ.

ಶ್ರಾವಕರ ಮನೆಯಲ್ಲಿ ನೀರನ್ನು ಸೋಸಿಯೇ ಕುಡಿಯುತ್ತಾರೆ. ಬಟ್ಟೆಯು ಎಲ್ಲ ಜೀವಗಳನ್ನೂ ಉಳಿಸದೆಂದು ಸೋಸುವುದನ್ನು ಬಿಟ್ಟವರಿಲ್ಲ. ಹಣವನ್ನು ಸೋಸುವ ಬಟ್ಟೆ ವಿಚಾರಣೆ. ಅದೂ ಪೂರ್ಣವಲ್ಲ, ಆದರೂ ಅದಿಲ್ಲದೆ ಬಂದ ಲಾಭವನ್ನು ನ್ಯಾಯಾರ್ಜಿತವೆನ್ನಲಾಗದು.