ಒಡ್ಡು ಯಾರು ಹಾಕಬೇಕು?

ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ನೀರಿಗಾಗಿ ಕರ್ನಾಟಕ ಸೇರುವ ಮಾತೆತ್ತಿದ್ದು 2022ರಲ್ಲಿ ದೊಡ್ಡ ಸುದ್ದಿಯಾಯಿತು. ಕೃಷ್ಣೆಯ ನೀರು ಬರಬೇಕು, ನಿಜ. ಆದರೆ ನಮ್ಮ ಮುಚ್ಚಂಡಿಯ ಹೊಲಗಳ ಮೇಲೆಯೇ ಬಿದ್ದು ಹಳ್ಳ ಸೇರುವ ನೀರಿನ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆಯಾದರೆ ಅದು ಲಕ್ಷ ಲೀಟರಿಗೂ ಮಿಕ್ಕ ನೀರು.

ವರ್ಷಕ್ಕೆ ಸುಮಾರು 500 ಮಿಲಿಮೀಟರು ಮಳೆಯೆಂದರೆ ಕಾಸರಗೋಡಿನ ಓದುಗರು ನಕ್ಕಾರು. ಅಲ್ಲಿ 3000 ಮೀರುತ್ತದೆ. ಆದರೂ ಏಪ್ರಿಲಿನಲ್ಲಿ ಬಾವಿ ಬತ್ತುವುದು ಅಲ್ಲಿಯೂ ಉಂಟಲ್ಲ! ಬೀಳುವುದು ಬೇರೆ, ನಿಲ್ಲುವುದು ಬೇರೆ.

ನಮ್ಮ ಹಿಂಗಾರಿ ಜೋಳ ಬೆಳೆಯುವುದೇ ಮಣ್ಣು ಕುಡಿದಿಟ್ಟ ಹಸಿಯ ಮೇಲೆ. ಬಿತ್ತಿದ ನಂತರ ಮತ್ತೆ ಹನಿ ಬಿದ್ದೀತೆಂಬ ಭರವಸೆಯಿಲ್ಲ. ತಿಪ್ಪೆಗೊಬ್ಬರ ಉಂಡ ಮಣ್ಣು ಸಡಿಲಾಗಿ ನೀರು ಹಿಡಿಯುತ್ತದೆ. ಬೋಳು ಮಣ್ಣಿಗೆ ಜೋರು ಮಳೆ ಹೊಡೆದರೆ ಮೇಲ್ಪದರ ಬಡಿದುಕೊಂಡು ಮುಚ್ಚುತ್ತದೆ. ನೀರು ಒಳಗಿಳಿಯದೆ ಹರಿದು, ಹೋಗುವಾಗ ಮಣ್ಣನ್ನೂ ಒಯ್ಯುತ್ತದೆ. ಇಳಿಜಾರಿಗೆ ಅಡ್ಡ ಉಳುಮೆ, ಒಡ್ಡು, ಚೌಕು ಮಡಿ, ಬಿರುಕು ಮುಚ್ಚುವಂತೆ ಕುಂಟಿ ಹೊಡೆಯುವುದು ಇವೇನೂ ಹೊಸ ವಿದ್ಯೆಗಳಲ್ಲ. ಸೊಲ್ಲಾಪುರ, ಬಿಜಾಪುರಗಳ ಒಣಬೇಸಾಯ ಕೇಂದ್ರಗಳಲ್ಲಿ 1930ರ ದಶಕದಿಂದಲೇ ಈ ಬಗ್ಗೆ ಪ್ರಯೋಗಗಳು ನಡೆದಿವೆ.

ಗೊತ್ತಿದ್ದೂ ಮಾಡುವುದಿಲ್ಲವೇಕೆ? ಸೋಮಾರಿತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಷ್ಟೋ ಕಡೆ ಹೊಲ ಒಬ್ಬರದು, ಪಾಲಿಗೆ ಮಾಡುವವನು ಇನ್ನೊಬ್ಬ. ಗೊಬ್ಬರದ ಫಲ ಹಲವು ವರ್ಷ ಬರುತ್ತದೆ, ಒಡ್ಡಿನದು ಇನ್ನೂ ಹೆಚ್ಚು. ಅವನ ಕರಾರು ಮುಂದಿನ ಯುಗಾದಿಯವರೆಗೆ ಮಾತ್ರ. ಮುಂದೆ ಬರುವವನಿಗಾಗಿ ಅವನೇಕೆ ಗಾಡಿ ಗೊಬ್ಬರ ಹೇರಬೇಕು? ಒಡೆಯನಿಗೂ ಒಂದು ಹೆದರಿಕೆಯಿದೆ. 1948ರ ಮುಂಬಯಿ ಕುಳಕಾಯ್ದೆ ಉಳುವವನ ಕೈ ಹಿಡಿಯಿತು. ಅದು ನ್ಯಾಯವೇ. ಆದರೆ ಅದನ್ನು ನೆನೆದು ಒಡೆಯರು ಕಾಗದ ಬರೆಯುವುದಿಲ್ಲ, ಒಬ್ಬನನ್ನೇ ಬಹುಕಾಲ ಇಡುವುದಿಲ್ಲ. ಕೇರಳದಲ್ಲಿ 1970ರ ಜನವರಿ 1ರಂದು ಗೇಣಿ ಪದ್ಧತಿಯೇ ರದ್ದಾದುದನ್ನು ಬಲ್ಲವರಿಗೆ ಈ ಅಂಜಿಕೆ ತಿಳಿದೀತು. ಇತ್ತ ಬ್ಯಾಂಕಿನ ಕೌಂಟರಿನಲ್ಲಿ ಕೂತ ನನ್ನಂಥವರು ಮೊದಲು ಕೇಳುವುದು ಸಾತ್‌ಬಾರಾ ಉತಾರ. ಅದರಲ್ಲಿ ಹೆಸರಿಲ್ಲದವನಿಗೆ ಒಡ್ಡಿನ ಸಾಲ ಎಲ್ಲಿಂದ ಬರಬೇಕು?

ಆದ್ದರಿಂದ ಹೊಣೆ ಮೊದಲು ಒಡೆಯನದು ಎಂದೇ ನನ್ನ ಅಭಿಪ್ರಾಯ. ಒಡ್ಡಿನ ಖರ್ಚು ಪೂರ್ತಿ ಅವನೇ ಹೊರಲಿ. ಫಸಲಿನಲ್ಲಿ ಅರ್ಧ ಪಡೆಯುವವನು ಗೊಬ್ಬರದಲ್ಲೂ ಅರ್ಧ ಕೊಡಲಿ. ಪಾಲಿನವನು ಹೊಲ ಬಿಡುವಾಗ ಮಣ್ಣಿನಲ್ಲಿ ಉಳಿದ ಅವನ ಗೊಬ್ಬರಕ್ಕೆ ಬೆಲೆ ಸಿಗಲಿ. ಇದಕ್ಕೆ ಲೆಕ್ಕ ಇಡುವುದು ಹೇಗೆಂದು ಕೇಳುತ್ತಾರೆ. ಎಷ್ಟು ಗಾಡಿ ಗೊಬ್ಬರ ಬಿತ್ತು, ಎಷ್ಟು ಮಾರು ಒಡ್ಡು ಎದ್ದಿತು ಎಂಬುದು ಊರಿಗೆಲ್ಲ ಕಾಣುತ್ತದೆ.