ಅರ್ಧ ಬದಲಾದ ಮಾಡು

ಮನೆಯ ಮಾಡು ಒಂದು ಕಡೆ ಸೋರತೊಡಗಿದಾಗ ಅಷ್ಟನ್ನೇ ಬದಲಿಸಬೇಕೆ, ಪೂರ್ತಿ ಬಿಚ್ಚಿ ಹೊಸದಾಗಿ ಹೊದಿಸಬೇಕೆ ಎಂಬುದು ಮೇಲುನೋಟಕ್ಕೆ ಖರ್ಚಿನ ಪ್ರಶ್ನೆ. ಭಾಗ ಬದಲಾದ ಮೇಲೆ ಉಳಿದದ್ದು ಹಿಂದಿನ ಮಾಡೇ ಹೌದೇ ಎಂಬ ಇನ್ನೊಂದು ಪ್ರಶ್ನೆ ಅದರೊಳಗೇ ಇದೆ. ಭಾರತೀಯ ದರ್ಶನಗಳು ಅವಯವ–ಅವಯವಿ (ಭಾಗ–ಇಡಿ) ವಿಚಾರವೆಂದು ಶತಮಾನಗಳ ಕಾಲ ವಾದಿಸಿದ್ದು ಇದನ್ನೇ.

ನ್ಯಾಯದರ್ಶನದವರಾದ ನೈಯಾಯಿಕರಿಗೆ ಅವಯವಿಯೆಂದರೆ ಅವಯವಗಳ ರಾಶಿಯಲ್ಲ. ಅವುಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿದ ಬೇರೊಂದು ವಸ್ತು. ಬಟ್ಟೆಗೆ ನೂಲುಗಳು ಸಮವಾಯಿ ಕಾರಣ, ನೂಲುಗಳ ಸಂಯೋಗ ಅಸಮವಾಯಿ ಕಾರಣ. ಸಂಯೋಗ ಕಡಿದರೆ ಅವಯವಿಗೆ ಉಳಿವಿಲ್ಲ. ಹೀಗಾಗಿ ಒಂದು ನೂಲನ್ನು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ, ಉಳಿದ ನೂಲುಗಳಿಂದ ‘ಖಂಡಪಟ’ವೆಂಬ ಹೊಸ ಬಟ್ಟೆ ಹುಟ್ಟುತ್ತದೆಂದು ಅವರು ಒಪ್ಪಬೇಕಾಯಿತು. ‘ಇದು ಅದೇ’ ಎಂಬ ಗುರುತು ಸಾಜಾತ್ಯದಿಂದ ಬರುವಂಥದ್ದು ಎಂಬುದು ಅವರ ಸಮಾಧಾನ. ತರ್ಕವೇನೋ ಬಿಗಿಯಾಗಿದೆ. ಮಂಗಗಳು ಒಡೆದ ಹಂಚನ್ನು ವರ್ಷವರ್ಷವೂ ಬದಲಿಸುವ ಮಲೆನಾಡಿನ ಮನೆಯವರು ಮಾತ್ರ ಇದನ್ನು ಕೇಳಿದರೆ ನಕ್ಕಾರು.

ಬೌದ್ಧರು ಅವಯವಿಯನ್ನೇ ಒಪ್ಪುವುದಿಲ್ಲ. ಮಿಲಿಂದನೆಂಬ ಅರಸನಿಗೆ ನಾಗಸೇನನೆಂಬ ಭಿಕ್ಷು ರಥದ ಗಾಲಿ, ಅಚ್ಚು, ನೊಗಗಳನ್ನು ಒಂದೊಂದಾಗಿ ತೋರಿಸಿ, ರಥವೆಂಬುದು ಇವುಗಳನ್ನು ಆಶ್ರಯಿಸಿದ ವ್ಯವಹಾರದ ಹೆಸರಷ್ಟೇ ಎಂದು ಒಪ್ಪಿಸುತ್ತಾನೆ. ಮಜ್ಝಿಮನಿಕಾಯದ ಪ್ರಕಾರ ಮನೆಯೂ ಹಾಗೆಯೇ: ಮರ, ಬಳ್ಳಿ, ಹುಲ್ಲು, ಮಣ್ಣು ಸುತ್ತುವರಿದ ಬಯಲಿಗೆ ಇಟ್ಟ ಹೆಸರು. ಅದೇ ಗ್ರಂಥದಲ್ಲಿ ಘಟಿಕಾರನೆಂಬ ಕುಂಬಾರನ ಕಥೆಯಿದೆ. ಕಸ್ಸಪ ಬುದ್ಧನ ಕುಟಿ ಸೋರುತ್ತಿರುತ್ತದೆ; ಭಿಕ್ಷುಗಳು ಬಂದು ಕುಂಬಾರನ ಮನೆಯ ಹುಲ್ಲುಹೊದಿಕೆಯನ್ನೇ ಕಿತ್ತು ಒಯ್ಯುತ್ತಾರೆ. ಮನೆಗೆ ಮರಳಿದ ಘಟಿಕಾರ ಸಂತೋಷಪಡುತ್ತಾನೆ. ಆಕಾಶವೇ ಹೊದಿಕೆಯಾದ ಆ ಮನೆಯೊಳಗೆ ಮೂರು ತಿಂಗಳು ಒಂದು ಹನಿಯೂ ಬೀಳಲಿಲ್ಲವಂತೆ. ಹೊದಿಕೆ ‘ನನ್ನದು’ ಎಂಬ ಭಾವ ಸಡಿಲಿದಲ್ಲಿ, ಅದು ‘ಅದೇ’ ಹೌದೇ ಎಂಬ ಪ್ರಶ್ನೆಯೂ ಕಾವು ಕಳೆದುಕೊಳ್ಳುತ್ತದೆ.

ಜೈನರದು ನಡುವಿನ ದಾರಿ. ಸತ್ ಎಂಬುದಕ್ಕೆ ಹುಟ್ಟು, ಅಳಿವು, ನಿಲುವು ಮೂರೂ ಒಟ್ಟಿಗೆ ಇವೆಯೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಸಮಂತಭದ್ರನ ಆಪ್ತಮೀಮಾಂಸೆಯಲ್ಲಿ ಚಿನ್ನದ ಕೊಡ ಕರಗಿ ಕಿರೀಟವಾಗುತ್ತದೆ: ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ. ಅರ್ಧ ಬದಲಾದ ಮಾಡಿಗೆ ಹೆಚ್ಚು ಒಪ್ಪುವುದು ಈ ಉತ್ತರವೇ. ಪರ್ಯಾಯ, ಅಂದರೆ ವಸ್ತುವಿನ ಅವಸ್ಥೆ, ಬದಲಾಗಿದೆ; ದ್ರವ್ಯ ಮುಂದುವರಿದಿದೆ.

ಆಚರಣೆಯೂ ಇದೇ ಗೊಂದಲವನ್ನು ತನ್ನ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಗರ್ಭಗುಡಿಯ ಜೀರ್ಣೋದ್ಧಾರವಾದರೆ ದೇವರ ಸಾನ್ನಿಧ್ಯವನ್ನು ಬಾಲಾಲಯವೆಂಬ ತಾತ್ಕಾಲಿಕ ಗುಡಿಗೆ ಸಾಗಿಸಿ, ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠಾಪಿಸುತ್ತಾರೆ. ಕರಾವಳಿಯಲ್ಲಿ ಬ್ರಹ್ಮಕಲಶೋತ್ಸವವೂ ನಡೆಯುತ್ತದೆ. ಕಟ್ಟಡ ಬದಲಾದರೂ ದೇವರು ಅದೇ. ಜಪಾನಿನ ಇಸೆ ದೇಗುಲವನ್ನಂತೂ 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ನಡೆದದ್ದು 62ನೆಯ ಸಲ.

ಮನೆಯ ಮಾಡಿಗೆ ಬಂದರೆ, ಖಂಡಪಟದ ವಾದವನ್ನು ಬಿಟ್ಟರೂ ನೈಯಾಯಿಕರ ಸಂಯೋಗದ ಮಾತನ್ನು ಬಿಡುವಂತಿಲ್ಲ. ಹಂಚನ್ನು ರೀಪು ಹೊರುತ್ತದೆ, ರೀಪನ್ನು ಪಕ್ಕಾಸು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಹಂಚು ಅಂಚಿನ ತೋಡುಗಳಲ್ಲಿ ಒಂದಕ್ಕೊಂದು ಕೂತೇ ನೀರನ್ನು ತಡೆಯುತ್ತದೆ. ಬೇರೆ ಅಚ್ಚಿನ ಹಂಚು ಹಳೆಯದರ ಜೊತೆ ಕೂರುವುದಿಲ್ಲ. ಎರಡೂ ಗಟ್ಟಿಯಾಗಿದ್ದರೂ ಅವು ಸೇರುವಲ್ಲಿ ಸೋರುತ್ತದೆ. ಆದ್ದರಿಂದ ಹಂಚಷ್ಟೇ ಒಡೆದಿದ್ದು ಅದೇ ಅಚ್ಚಿನದು ಸಿಕ್ಕರೆ ಅಷ್ಟನ್ನು ಬದಲಿಸಿದರೆ ಸಾಕು. ಒಂದು ಇಳಿಜಾರಿನ ರೀಪು ಕೊಳೆತಿದ್ದರೆ ನೆತ್ತಿಯಿಂದ ಸೂರಿನವರೆಗೆ ಆ ಇಳಿಜಾರನ್ನು ಪೂರ್ತಿ ಬದಲಿಸುವುದು ಸರಿ. ಎರಡು ಇಳಿಜಾರು ಸೇರುವ ನೆತ್ತಿಯನ್ನು ದಾಟಿ ನೀರು ಹರಿಯುವುದಿಲ್ಲವಾದ್ದರಿಂದ ಹಳತು ಹೊಸತು ಅಲ್ಲಿ ಕೂಡಿದರೆ ತೊಂದರೆಯಿಲ್ಲ. ಇಳಿಜಾರಿನ ನಡುವೆ ಬೇರೆ ಅಚ್ಚಿನ ಹಂಚಿನಿಂದ ತೇಪೆ ಹಾಕಬಾರದು. ಪಕ್ಕಾಸುಗಳಿಗೇ ಉದ್ದಕ್ಕೂ ಗೆದ್ದಲು ಹತ್ತಿದ್ದರೆ ಮಾಡನ್ನು ಪೂರ್ತಿ ಬಿಚ್ಚಲೇಬೇಕು.